ನಕ್ಷೆಗೇರಿದ ನನ್ನ ನಾಲ್ಕು ಅವಮಾನಗಳು

ಕೆಲವರ ಹೆಸರನ್ನು ರಸ್ತೆಗಿಡುತ್ತಾರೆ, ಕೆಲವರದನ್ನು ಸರ್ಕಲ್ಲಿಗಿಡುತ್ತಾರೆ. ನನ್ನ ಹೆಸರನ್ನು ಯಾರೂ ಯಾವುದಕ್ಕೂ ಇಟ್ಟಿಲ್ಲ. ಆದರೆ ನಾನು ಮಾನ ಕಳೆದುಕೊಂಡ ಜಾಗಕ್ಕೆಲ್ಲ ಒಂದೊಂದು ಹೆಸರು ಬಿದ್ದಿದೆ. ಇಂಥದ್ದು ನನಗೇ ಯಾಕಾಗುತ್ತದೋ ಗೊತ್ತಿಲ್ಲ. ಸದ್ಯ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ನಾವಿರುವುದು ಸ್ವೀಡನ್ನಿನಲ್ಲಿ, ಲಿಂಕೋಪಿಂಗ್‌ನಿಂದ ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಒಂದು ಹೊಳೆದಂಡೆಯ ಹಳ್ಳಿಯಲ್ಲಿ. ನಾನು, ಹೆಂಡತಿ, ಹೈಸ್ಕೂಲಿನ ಮಗಳು. ನನ್ನ ಕೆಲಸ ಪಟ್ಟಣದ ಐಟಿ ಕಂಪನಿಯಲ್ಲಿ. ಅಲ್ಲಿ ಬಾಡಿಗೆ ಮನೆ ಸಿಗದೆ ಇಲ್ಲಿಗೆ ಬಂದು ಆರು ವರ್ಷವಾಯಿತು. ಈ ಹಳ್ಳಿಯ ಇತಿಹಾಸ ಸಂಘದವರು ಹೊಳೆಯುದ್ದಕ್ಕೂ ನಡೆಯುವವರಿಗೆಂದು ಒಂದು ನಕ್ಷೆ ಅಚ್ಚು ಹಾಕಿಸಲು ಹೊರಟರು. ಬಂಡೆ, ಸೇತುವೆ, ಗುಡ್ಡಗಳನ್ನು ಊರಿನವರು ಏನೆಂದು ಕರೆಯುತ್ತಾರೆ, ಆ ಹೆಸರು ಹೇಗೆ ಬಂತು, ಎಲ್ಲ ಅದರಲ್ಲಿರುತ್ತದೆ. ಕಳೆದ ತಿಂಗಳು ನನಗೊಂದು ಪತ್ರ ಬಂತು. "ಪಟ್ಟಿಯಲ್ಲಿರುವ ಹತ್ತೊಂಬತ್ತು ಹೆಸರುಗಳಲ್ಲಿ ನಾಲ್ಕಕ್ಕೆ ನೀನು ಕಾರಣ ಎಂದು ತಿಳಿದುಬಂದಿದೆ. ಸಭೆಗೆ ಬಂದು ಸಾಕ್ಷಿ ಹೇಳಬೇಕು. ಕಾಫಿ ಇರುತ್ತದೆ."

ಹೆಂಡತಿ ಪತ್ರ ಇಸಿದುಕೊಂಡು ಕೇಳಿದಳು: "ಮಿಕ್ಕ ಹದಿನೈದು ಏನು?"

"ಒಬ್ಬ ರಾಜ ಕುದುರೆಗೆ ನೀರು ಕುಡಿಸಿದ ಜಾಗ. ಒಂದು ಹಳೇ ಮಠ. ಎರಡು ಯುದ್ಧ. ಹೀಗೇ."

"ಅದಾದ್ಮೇಲೆ ನೀವು," ಅಂದಳು.

ಮೂರು ಹೆಸರು ಅಚ್ಚಾದರೆ ಹೇಗೋ ತಲೆ ತಗ್ಗಿಸಿಕೊಂಡು ಓಡಾಡಬಹುದು. ನಾಲ್ಕನೆಯದು ಮಾತ್ರ ಅಚ್ಚಾಗಬಾರದು. ಅದರಿಂದಾಗಿ ಪಕ್ಕದ ಮನೆಯ ಅಜ್ಜಿ ಎರಡು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸಂಘದ ಅಧ್ಯಕ್ಷೆಯೂ ಅವರೇ.

೧. 'ನೀನು ಮೊದಲು' ಸೇತುವೆ

ನಾವು ಬಂದ ಹೊಸದು. ಹೊಳೆಗೆ ಅಡ್ಡಲಾಗಿ ಒಂದು ಹಲಗೆ ಸೇತುವೆ ಇದೆ, ಒಂದು ಸಲಕ್ಕೆ ಒಬ್ಬರು ದಾಟುವಷ್ಟು ಕಿರಿದು. ಈ ತುದಿಯಲ್ಲಿ ನಾನು ನಿಂತೆ, ಆ ತುದಿಯಲ್ಲಿ ಕೋಲು ಹಿಡಿದ ಮುದುಕರೊಬ್ಬರು ನಿಂತರು. ಹಿರಿಯರಿಗಿಂತ ಮುಂದೆ ಹೋಗುವುದುಂಟೇ ಎಂದು ನಾನು ಕೈಸನ್ನೆ ಮಾಡಿ 'ನೀವು ಬನ್ನಿ' ಅಂದೆ. ಅವರು ಕೋಲೆತ್ತಿ 'ನೀನು ಬಾ' ಅಂದರು. ನಾನು ಇನ್ನೂ ಸ್ವಲ್ಪ ಬಗ್ಗಿ ಕರೆದೆ. ಅವರು ಇನ್ನೊಂದು ಹೆಜ್ಜೆ ಹಿಂದೆ ಸರಿದರು.

ಹತ್ತು ನಿಮಿಷ ಹೀಗೇ ನಡೆಯಿತು. ಕೂಗಿ ಹೇಳೋಣವೆಂದರೆ ಆಗ ನನ್ನ ಸ್ವೀಡಿಷ್ ಭಾಷೆ ಹಾಲು, ಬ್ರೆಡ್ಡು, ಟಿಕೆಟ್ಟಿನಾಚೆ ಹೋಗುತ್ತಿರಲಿಲ್ಲ. ಕೊನೆಗೆ, ಪಾಪ, ನಾನಿರುವ ತನಕ ಇವರು ದಾಟುವುದಿಲ್ಲ ಅನ್ನಿಸಿತು. ಒಮ್ಮೆ ಕೈಮುಗಿದು, ಹಿಂದಿರುಗಿ, ಎರಡು ಕಿಲೋಮೀಟರ್ ಕೆಳಗಿರುವ ಕಾರು ರಸ್ತೆಯ ಸೇತುವೆಗೆ ನಡೆದುಹೋದೆ.

ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಆಚೆ ತುದಿಗೆ ಅದೇ ಕೋಲು, ಅದೇ ಮುದುಕರು ಬಂದು ಮುಟ್ಟಿದರು. ನನಗೆ ದಾರಿ ಬಿಡಬೇಕೆಂದು ಅವರೂ ಸುತ್ತು ಹಾಕಿಕೊಂಡು ಬಂದಿದ್ದರು. ಅದು ಎರಡು ಲಾರಿ ಪಕ್ಕಪಕ್ಕ ಹೋಗುವಷ್ಟು ಅಗಲದ ಸೇತುವೆ. ಅಲ್ಲೂ ನಾವಿಬ್ಬರೂ ನಿಂತೆವು.

೨. ಅತ್ತೆ ಕಟ್ಟೆ

ಎರಡನೆಯ ಬೇಸಿಗೆಗೆ ತುಮಕೂರಿನಿಂದ ನಮ್ಮತ್ತೆ ಬಂದರು. ಬಂದ ಮೂರನೇ ದಿನ ಸಂಡಿಗೆ ಇಡಬೇಕೆಂದರು. ನಮ್ಮ ಬಾಲ್ಕನಿಗೆ ಬಿಸಿಲು ಬೀಳುವುದಿಲ್ಲ. ಅತ್ತೆ ಊರೆಲ್ಲ ಒಂದು ಸುತ್ತು ಹಾಕಿ ಬಂದರು.

"ನೋಡಿ ಅಳಿಯಂದ್ರೆ, ಹೊಳೆ ಹತ್ರ ಹಲಗೆ ಕಟ್ಟೆ ಒಂದಿದೆ. ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು. ಅಂಥಾ ಜಾಗದಲ್ಲಿ ಜನ ಬರೀ ಮಲಗ್ತಾರಲ್ಲ."

ಅದು ಊರಿನವರೆಲ್ಲ ಈಜಲು ಇಳಿಯುವ ಕಟ್ಟೆ. ನಾನು ವಿವರಿಸಿ ಹೇಳುವ ಮೊದಲೇ ಅತ್ತೆ ಹಳೇ ಪಂಚೆ ಹಾಸಿ, ಸಾಲಾಗಿ ಸಂಡಿಗೆ ಇಟ್ಟು, ಕೊಡೆ ಹಿಡಿದು ಕಾವಲು ಕೂತಾಗಿತ್ತು. ಆ ವರ್ಷ ನಿಜವಾದ ಬಿಸಿಲು ಬಂದಿದ್ದು ನಾಲ್ಕೇ ದಿನ. ಆ ನಾಲ್ಕೂ ದಿನ ಟವೆಲು ಹೊತ್ತು ಬಂದ ಜನರಿಗೆಲ್ಲ ಅತ್ತೆ ಕೊಡೆಯ ತುದಿಯಿಂದ ಹುಲ್ಲಿನ ಕಡೆ ತೋರಿಸಿ, "ಆ ಕಡೆ ಹೋಗ್ರಪ್ಪಾ, ಆ ಕಡೆ" ಅಂದರು. ಜನ ಹೋದರು. ಈಜಿ ಬಂದು ನೀರು ತೊಟ್ಟಿಕ್ಕುವವರನ್ನಂತೂ ಕಟ್ಟೆಯ ಮೆಟ್ಟಿಲನ್ನೇ ಹತ್ತಲು ಬಿಡಲಿಲ್ಲ. ಅವರು ಕಲ್ಲು ಮುಳ್ಳಿನ ದಂಡೆ ಹತ್ತಿಕೊಂಡು ಹೋದರು.

ನಾನು ಏನು ಮಾಡುತ್ತಿದ್ದೆ ಅಂತ ಕೇಳಬೇಡಿ. ಮರದ ಮರೆಯಲ್ಲಿದ್ದೆ. ಅಂಗಡಿಯಲ್ಲಿ ಒಬ್ಬಾಕೆ, "ಕಟ್ಟೆ ಮೇಲೆ ಕೂತಿರೋ ಹೆಂಗಸು ಯಾರು?" ಎಂದು ಕೇಳಿದಾಗ, "ಗೊತ್ತಿಲ್ಲ" ಅಂದುಬಿಟ್ಟೆ. ಇಡೀ ಊರಿಗೆ ಭಾರತದವರೆಂದರೆ ನಾವೊಂದೇ ಮನೆ. ಆಕೆ ನನ್ನನ್ನೇ ಒಂದು ಗಳಿಗೆ ನೋಡಿ, ಹಾಲಿನ ಡಬ್ಬ ತೆಗೆದುಕೊಂಡು ಹೋದಳು. ಇವತ್ತಿಗೂ ಆ ಅಂಗಡಿಗೆ ಹೋಗಲು ನನಗೆ ನಾಚಿಕೆ.

ಅತ್ತೆ ಎರಡು ಡಬ್ಬ ಸಂಡಿಗೆ ಕಟ್ಟಿಟ್ಟು ಊರಿಗೆ ಹೋದರು. ಮರುವರ್ಷ ಜೂನ್‌ನಲ್ಲಿ ನೋಡುತ್ತೇನೆ, ಸುಡುಬಿಸಿಲು, ಕಟ್ಟೆ ಖಾಲಿ, ಜನರೆಲ್ಲ ಹುಲ್ಲಿನ ಮೇಲೆ ಒತ್ತೊತ್ತಾಗಿ ಮಲಗಿದ್ದಾರೆ. ತಡೆಯಲಾರದೆ ಒಬ್ಬರ ಹತ್ತಿರ ಹೋಗಿ ಹೇಳಿದೆ: "ಆಕೆ ನಮ್ಮತ್ತೆ. ಕಳೆದ ವರ್ಷವೇ ಭಾರತಕ್ಕೆ ಹೋದರು. ನೀವು ಅಲ್ಲಿ ಮಲಗಬಹುದು."

ಅವರು ಎದ್ದು ಕೂತು, ಕಟ್ಟೆಯ ಕಡೆ ನೋಡಿ, ಯೋಚಿಸಿ ಕೇಳಿದರು: "ಹಾಗಂತ ಮುನಿಸಿಪಾಲಿಟಿಯಿಂದ ಪತ್ರ ಬಂದಿದೆಯಾ?"

೩. ನಾಯಿ ಊಟದ ಬಂಡೆ

ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ನನ್ನ ತಂದೆಯ ತಿಥಿ. ಹೆಂಡತಿ ಮಡಿಯಲ್ಲಿ ಅಡುಗೆ ಮಾಡಿದ್ದಳು. ಕಾಗೆಗೆ ಇಡಬೇಕಾದ ಅನ್ನ, ಪಾಯಸ, ವಡೆಯನ್ನು ಪೇಪರ್ ತಟ್ಟೆಯಲ್ಲಿ ಹಿಡಿದು ಹೊಳೆಯ ಪಕ್ಕದ ಬಂಡೆಯ ಮೇಲಿಟ್ಟೆ. ಬೇರೆ ದಿನ ಆಫೀಸಿಗೆ ಹೋಗುವಾಗ ತಲೆ ಮೇಲೆ ಹಾರುವ ಕಾಗೆಗಳು ಅವತ್ತು ಒಂದೂ ಇಲ್ಲ. ಅರ್ಧ ಗಂಟೆ ಕಾದೆ. ಆಮೇಲೆ ನಮ್ಮೂರಿನಲ್ಲಿ ಮಾಡುವ ಹಾಗೆ ಮುಗಿಲಿಗೆ ಮುಖ ಎತ್ತಿ, "ಕಾ, ಕಾ" ಎಂದು ಕೂಗಿದೆ.

ಕಾಗೆ ಬರಲಿಲ್ಲ. ಪೊದೆಯಿಂದ ಒಂದು ಕಂದು ಬಣ್ಣದ ನಾಯಿ ಬಂತು. ನಾನು ಕೈ ಬೀಸುವುದರೊಳಗೆ ವಡೆ ಹೋಯಿತು, ಪಾಯಸ ಹೋಯಿತು, ತಟ್ಟೆಯೂ ಅರ್ಧ ಹೋಯಿತು. ಹಿಂದೆಯೇ ನಾಯಿಯ ಒಡತಿ ಓಡಿ ಬಂದರು. ನಿವೃತ್ತ ಶಾಲಾ ಟೀಚರು.

"ಅಯ್ಯೋ, ಕ್ಷಮಿಸು. ಅದು ನಿನ್ನ ಊಟವಾ?"

ಸತ್ತ ತಂದೆ, ಕಾಗೆ, ಪಿತೃಲೋಕ ಇಷ್ಟನ್ನೂ ನನ್ನ ಅರೆಬರೆ ಸ್ವೀಡಿಷ್‌ನಲ್ಲಿ ಹೇಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಈಗಷ್ಟೇ "ಕಾ ಕಾ" ಅಂದವನು ನಾನೇ ಎಂದು ಒಪ್ಪಿಕೊಳ್ಳಬೇಕಿತ್ತು. ಆಗಲಿಲ್ಲ.

"ಇಲ್ಲ, ಇಲ್ಲ. ನಾಯಿಗೇ ಅಂತ ಇಟ್ಟಿದ್ದು," ಅಂದೆ.

ಆಕೆಗೆ ಕಣ್ಣಲ್ಲಿ ನೀರು ಬಂತು. ಈ ಊರಿನಲ್ಲಿ ಮೂವತ್ತು ವರ್ಷದಿಂದ ನಾಯಿ ಸಾಕುತ್ತಿದ್ದೇನೆ, ಇಂಥ ಕೆಲಸ ಯಾರೂ ಮಾಡಿರಲಿಲ್ಲ ಅಂದರು. ಮುಂದಿನ ಶನಿವಾರ ಅದೇ ಹೊತ್ತಿಗೆ ಆಕೆಯ ನಾಯಿಯ ಜೊತೆ ಇನ್ನೂ ಮೂರು ನಾಯಿ ಬಂಡೆಯ ಹತ್ತಿರ ಕಾಯುತ್ತಿದ್ದವು. ಹೆಂಡತಿ ಬಾಯಿಗೆ ಬಂದಂತೆ ಬೈಯುತ್ತಲೇ ಎರಡು ತಿಂಗಳು ಚಪಾತಿ ಮಾಡಿಕೊಟ್ಟಳು.

ತಿಥಿಯ ದಿನ ಮಧ್ಯಾಹ್ನವೇ ಮೈಸೂರಿನಿಂದ ಅಮ್ಮನ ಫೋನ್ ಬಂದಿತ್ತು. "ಕಾಗೆ ಮುಟ್ತೇನೋ?"

"ಮುಟ್ತಮ್ಮ."

"ತುಂಬಾ ಹೊತ್ತು ಕಾಯಿಸ್ತಾ?"

"ಇಟ್ಟಿದ್ದೇ ತಡ, ಎಲ್ಲ ಖಾಲಿ."

"ಮೊದಲು ಏನು ತಿಂತು?"

"ವಡೆ."

ಅಮ್ಮ ಅಳುತ್ತಿದ್ದದ್ದು ಕೇಳಿಸಿತು. "ಹಾಗಾದ್ರೆ ನಿಮ್ಮಪ್ಪನೇ ಕಣೋ. ಅವರಿಗೆ ವಡೆ ಅಂದ್ರೆ ಜೀವ. ಹೋಗೋವಾಗ ನಿನ್ನ ಕಡೆ ತಿರುಗಿ ನೋಡಿದ್ರಾ?"

"ನೋಡಿದ್ರಮ್ಮ," ಅಂದೆ. ಬಾಲ ಅಲ್ಲಾಡಿಸಿದ್ದನ್ನು ಮಾತ್ರ ಹೇಳಲಿಲ್ಲ.

೪. ಸಂತೆ ಗುಡ್ಡ

ಈಗ ಆ ನಾಲ್ಕನೆಯದು.

ಎರಡು ವರ್ಷದ ಹಿಂದೆ, ಆಗಸ್ಟ್‌ನಲ್ಲಿ, ಪಕ್ಕದ ಮನೆಯ ಅಜ್ಜಿ ಬೆಳಗ್ಗೆ ಬಾಗಿಲು ತಟ್ಟಿದರು. ಎಂಬತ್ತು ದಾಟಿದ ಜೀವ, ಕೈಯಲ್ಲಿ ಎರಡು ಬುಟ್ಟಿ. ಈ ದೇಶದಲ್ಲಿ ಎಲ್ಲರೂ ಎಲ್ಲರಿಗೂ 'ನೀನು' ಅನ್ನುತ್ತಾರೆ, ಆದರೆ ನನಗೆ ಅವರನ್ನು ಹಾಗೆ ಕರೆಯಲು ನಾಲಿಗೆ ಹೊರಳುವುದಿಲ್ಲ. "ಬಾ" ಅಂದರು, ಹೋದೆ. ಹೊಳೆ ದಾಟಿ, ಕಾಡಿನಲ್ಲಿ ಸುತ್ತಿ ಬಳಸಿ ಒಂದು ಗುಡ್ಡದ ಹಿಂಬದಿಗೆ ಕರೆದೊಯ್ದರು. ಪಾಚಿಯ ಮೇಲೆ ಎಲ್ಲಿ ನೋಡಿದರೂ ಅರಿಶಿನ ಬಣ್ಣದ ಅಣಬೆ.

"ನಮ್ಮಮ್ಮ ನನಗೆ ತೋರಿಸಿದ ಜಾಗ," ಅಂದರು. "ಅವರಮ್ಮ ಅವರಿಗೆ."

"ಈ ಜಾಗಕ್ಕೆ ಹೆಸರೇನು?"

"ಹೆಸರಿಲ್ಲ. ಹೆಸರಿಟ್ಟರೆ ಜನ ಬರ್ತಾರೆ."

ಸ್ವೀಡನ್ನಿನವರು ಸಂಬಳ ಎಷ್ಟೆಂದು ಬೇಕಾದರೆ ಹೇಳಿಯಾರು, ಅಣಬೆ ಸಿಗುವ ಜಾಗ ಹೇಳುವುದಿಲ್ಲ. ಅಂಥದ್ದರಲ್ಲಿ ನನ್ನನ್ನು ಕರೆದುಕೊಂಡು ಹೋಗಿದ್ದರು. ನನಗೆ ಮನಸ್ಸು ತುಂಬಿ ಬಂತು. ನಮ್ಮ ಕಡೆ ಮನಸ್ಸು ತುಂಬಿ ಬಂದರೆ ಏನು ಮಾಡುತ್ತೇವೆ? ನಾಲ್ಕು ಜನಕ್ಕೆ ಹೇಳುತ್ತೇವೆ. ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ, ಲೊಕೇಶನ್ ಕಳಿಸಿ, "ಫ್ರೆಂಡ್ಸ್, ಬೇಕಾದಷ್ಟಿದೆ, ಎಲ್ಲರೂ ಬನ್ನಿ" ಎಂದು ಬರೆದೆ.

ಭಾನುವಾರ ಲಿಂಕೋಪಿಂಗ್‌ನಿಂದ ಒಂಬತ್ತು ಕಾರು ಬಂದವು. ದೂರದ ಸೊಲ್ಲೆಂಟುನಾ ಊರಿನಿಂದ ಎರಡು. ಗೋಥೆನ್‌ಬರ್ಗ್‌ನ ಒಂದು ಸಂಸಾರ ಬೆಳಗ್ಗೆ ಐದಕ್ಕೇ ಹೊರಟಿತ್ತಂತೆ. ಜಮಖಾನ ಹಾಸಿದರು, ಪುಳಿಯೋಗರೆ ಬಿಚ್ಚಿದರು, ಮಕ್ಕಳು ಶಟಲ್ ಆಡಿದರು. ಹನ್ನೊಂದು ಗಂಟೆಗೆ ಗುಡ್ಡದ ಮೇಲೆ ಒಂದು ಅಣಬೆಯೂ ಉಳಿದಿರಲಿಲ್ಲ. "ಸಾರ್, ನೆಕ್ಸ್ಟ್ ವೀಕ್ ಅಷ್ಟೊತ್ತಿಗೆ ಮತ್ತೆ ಬೆಳೆದಿರತ್ತಾ?" ಎಂದು ಒಬ್ಬರು ಕೇಳುತ್ತಿದ್ದಾಗ ಮರಗಳ ನಡುವೆ ಅಜ್ಜಿ ಕಾಣಿಸಿಕೊಂಡರು. ಕೈಯಲ್ಲಿ ಬುಟ್ಟಿ.

ಅಷ್ಟರಲ್ಲಿ ನಮ್ಮ ಕೂಟದ ಹೆಂಗಸೊಬ್ಬರು, ತುಂಬಾ ಒಳ್ಳೆಯವರು, ತಟ್ಟೆಗೆ ಪುಳಿಯೋಗರೆ ಹಾಕಿಕೊಂಡು ಅಜ್ಜಿಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಅಂದರು: "ಬನ್ನಿ ಬನ್ನಿ, ಸಂಕೋಚ ಪಡಬೇಡಿ. ಇಲ್ಲಿಗೆ ಫಸ್ಟ್ ಟೈಮ್ ಬರ್ತಿದೀರಾ?"

ಅಜ್ಜಿ ತಟ್ಟೆ ತೆಗೆದುಕೊಂಡರು. ನಿಂತುಕೊಂಡೇ ಪೂರ್ತಿ ತಿಂದರು. ತಟ್ಟೆ ಮಡಿಸಿ ಬುಟ್ಟಿಗೆ ಹಾಕಿಕೊಂಡು, ನನ್ನ ಕಡೆ ಒಂದು ಸಲ ನೋಡಿ, ಹೊರಟುಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅಂದಿನಿಂದ ಎದುರಿಗೆ ಸಿಕ್ಕರೆ ಒಂದು "ಹೇಯ್", ಅಷ್ಟೇ. ಕೇಸರಿಬಾತ್ ಮಾಡಿಸಿ ಕೊಟ್ಟೆ. ಬಟ್ಟಲು ತೊಳೆದು ಬಾಗಿಲಲ್ಲಿಟ್ಟು ಹೋದರು. ಊರಿನವರು ಮಾತ್ರ ಆ ಗುಡ್ಡವನ್ನು ಸಂತೆ ಗುಡ್ಡ ಅನ್ನತೊಡಗಿದರು. ಮೂರು ತಲೆಮಾರು ಹೆಸರಿಡದೆ ಕಾಪಾಡಿದ ಜಾಗಕ್ಕೆ ನಾನು ಒಂದು ಭಾನುವಾರದಲ್ಲಿ ಹೆಸರು ತಂದಿದ್ದೆ. ಈಗ ಅದು ನಕ್ಷೆಯಲ್ಲೂ ಅಚ್ಚಾದರೆ ದೇಶಕ್ಕೇ ಗೊತ್ತಾಗುತ್ತಿತ್ತು.

ಸಭೆಯ ದಿನ ಬಂತು. ಅಜ್ಜಿ ಮೇಜಿನ ಹಿಂದೆ ಕೂತು ಹೆಸರು ಓದಿದರು. ಸೇತುವೆಗೆ "ಹೌದು" ಅಂದೆ. ಕಟ್ಟೆಗೆ "ಹೌದು, ಅವರು ನಮ್ಮತ್ತೆ" ಅಂದೆ. ಬಂಡೆಗೆ "ಹೌದು" ಅಂದಾಗ ಟೀಚರು ಚಪ್ಪಾಳೆ ತಟ್ಟಿದರು. ನಾಲ್ಕನೆಯದನ್ನು ಓದಿದಾಗ ಎದ್ದು ನಿಂತೆ. ಮಗಳ ಹತ್ತಿರ ತಿದ್ದಿಸಿಕೊಂಡು ಬಾಯಿಪಾಠ ಮಾಡಿದ್ದನ್ನು ಹೇಳಿದೆ: "ಈ ಹೆಸರನ್ನು ದಯವಿಟ್ಟು ಹಾಕಬೇಡಿ. ನನ್ನನ್ನು ನಂಬಿ ತೋರಿಸಿದ ಜಾಗವನ್ನು ನಾನು ಹಾಳು ಮಾಡಿದೆ. ಎರಡು ವರ್ಷದಿಂದ ನನಗೆ ಅವರ ಮುಖ ನೋಡಲು ಆಗುತ್ತಿಲ್ಲ."

ಅಜ್ಜಿ ಗಡಿಯಾರ ನೋಡಿ, "ಫೀಕಾ" ಎಂದು ಕಾಫಿಗೆ ಬಿಡುವು ಕೊಟ್ಟರು. ಆಮೇಲೆ ಎರಡು ದಾಲ್ಚಿನ್ನಿ ಬನ್ನು ಹಿಡಿದು ನನ್ನ ಪಕ್ಕ ಬಂದು ಕೂತರು.

"ಯಾವ ಜಾಗ ಹಾಳಾಯ್ತು ಅಂದೆ ನೀನು?"

"ನಿಮ್ಮಮ್ಮ ನಿಮಗೆ ತೋರಿಸಿದ್ದು."

"ಅದಾ?" ಬನ್ನು ಮುರಿದರು. "ಅದು ನಮ್ಮ ಮನೇಲಿ ಹೊಸಬರಿಗೆ ತೋರಿಸೋ ಜಾಗ. ಅಮ್ಮ ನನಗೂ ಮೊದಲು ಅದನ್ನೇ ತೋರಿಸಿದ್ದು. ಮೂರು ವರ್ಷ ಬಾಯಿ ಬಿಡದೆ ಇದ್ದರೆ ಆಮೇಲೆ ನಿಜವಾದ ಜಾಗಕ್ಕೆ ಕರ್ಕೊಂಡು ಹೋಗ್ತೀವಿ. ಸಂತೆ ಗುಡ್ಡ ನಕ್ಷೆಯಲ್ಲಿ ಇರಲಿ ಬಿಡು. ಜನ ಎಲ್ಲ ಅಲ್ಲಿಗೇ ಹೋಗ್ತಾರೆ."

"ಮತ್ತೆ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದು?"

"ಬಿಟ್ಟಿರಲಿಲ್ಲ. ಹೇಳೋದು ಏನೂ ಇರಲಿಲ್ಲ."

ಎರಡು ವರ್ಷ ನಾನು ನಿದ್ದೆಗೆಟ್ಟಿದ್ದು ಇದಕ್ಕೆ. ಹಗುರಾಗಬೇಕಿತ್ತು, ಆದರೆ ಇನ್ನೊಂದು ಯೋಚನೆ ಬಂದು ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು. "ಅಂದರೆ ನಾನು ಫೇಲಾದೆ."

"ಹೌದು."

"ನನಗಿಂತ ಮುಂಚೆ ಯಾರಾದರೂ ಫೇಲಾಗಿದ್ದರಾ?"

"ನನ್ನ ಅಳಿಯ. ಅವನು ಅವರಣ್ಣನಿಗೆ ಹೇಳಿದ್ದ. ಒಬ್ಬನಿಗೇ." ಆ 'ಒಬ್ಬನಿಗೇ' ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಿದರು.

ನಾನು ಮಾನ ಮರ್ಯಾದೆ ಎಲ್ಲ ಬಿಟ್ಟು ಕೇಳಿಯೇಬಿಟ್ಟೆ: "ಮರುಪರೀಕ್ಷೆ ಏನಾದರೂ ಇದೆಯಾ?"

ಅಜ್ಜಿ ಬನ್ನು ಪೂರ್ತಿ ತಿಂದು ಮುಗಿಸಿ, ಬೆರಳು ಒರೆಸಿಕೊಂಡು, ಸಭೆ ಶುರು ಮಾಡಲು ಎದ್ದರು.

"ಅಳಿಯ ಇಪ್ಪತ್ತೆರಡು ವರ್ಷದಿಂದ ಅದನ್ನೇ ಕೇಳ್ತಿದ್ದಾನೆ," ಅಂದರು.