ಚಿತ್ತಾಪುರದ ಚಳಿಗೆ ಫಾರಿನ್ ಒಲೆ

ವಿಜ್ಞಾನದ ಮಾಸ್ತರನಾದವನು ಯಾವ ಯಂತ್ರವನ್ನಾದರೂ ಒಮ್ಮೆ ಕಣ್ಣಾಡಿಸಿ ನೋಡಿದರೆ ಸಾಕು, ಅದರ ಹೊಟ್ಟೆಯೊಳಗಿನದೆಲ್ಲ ಅವನಿಗೆ ತಿಳಿದುಬಿಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಈ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷಗಳಾಗುವ ತನಕ ಆ ನಂಬಿಕೆಗೆ ಯಾವ ಧಕ್ಕೆಯೂ ಬಂದಿರಲಿಲ್ಲ. ಆಮೇಲೆ ಬಂತು. ಧಕ್ಕೆಯಲ್ಲ, ಸ್ಫೋಟ!

ನಮ್ಮ ಚಿತ್ತಾಪುರದಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳು ಬಿಸಿಲು. ಉಳಿದ ಒಂದು ತಿಂಗಳು ಚಳಿ. ಆ ತಿಂಗಳೇ ಧನುರ್ಮಾಸ. ಬೆಳಕು ಹರಿಯುವ ಮೊದಲು ನಮ್ಮವ್ವ ಎದ್ದು ಸ್ನಾನ ಮಾಡಿ, ಮಡಿಯುಟ್ಟು, ದೇವರ ಕೋಣೆಯಲ್ಲಿ ಪೂಜೆಗೆ ಕೂಡುತ್ತಿದ್ದಳು. ಮನೆಯ ನೆಲವೆಲ್ಲ ಶಹಾಬಾದ್ ಫರಸಿ ಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಮಲಗಿದರೆ ಸ್ವರ್ಗಸುಖ. ಡಿಸೆಂಬರಿನ ನಸುಕಿನಲ್ಲಿ ಕಾಲಿಟ್ಟರೆ ಚಳಿ ಅಂಗಾಲಿನಿಂದ ಹೊರಟು ನೆತ್ತಿಯಲ್ಲಿ ಇಳಿಯುತ್ತದೆ.

"ನರಸ್ಯಾ, ಈ ಸಲ ಧನುರ್ಮಾಸಕ್ಕ ನಾ ಸೊಲ್ಲಾಪುರಕ್ಕ ಹೋಗ್ತೀನಪಾ," ಎಂದಳು ಅವ್ವ ಒಂದು ದಿನ. "ಸಣ್ಣಾವನ ಮನ್ಯಾಗ ಬೆಚ್ಚಗಿರ್ತದ. ಇಲ್ಲಿ ಈ ಫರಸಿ ಮ್ಯಾಲ ಕೂತರ ಮೊಣಕಾಲು ಜೀವಾ ತಿಂತಾವ."

ಸಣ್ಣಾವ ಎಂದರೆ ನನ್ನ ತಮ್ಮ ರಾಘು. ಹುಟ್ಟಿದಾಗಿನಿಂದ ಧನುರ್ಮಾಸದ ಹುಗ್ಗಿಯನ್ನು ಅವ್ವನ ಕೈಯಿಂದಲೇ ಉಂಡವನು ನಾನು. ಈಗ ಅವ್ವನೂ ಸೊಲ್ಲಾಪುರಕ್ಕೆ, ಹುಗ್ಗಿಯೂ ಸೊಲ್ಲಾಪುರಕ್ಕೆ! ಹಿರಿಯ ಮಗನಾದ ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಬೇಕಾದರೂ ಹೇಳಬಹುದು.

"ಎಂಟು ದಿನ ತಡಿ ಅವ್ವಾ. ಮನೀನ ಬೆಚ್ಚಗ ಮಾಡ್ತೀನಿ," ಎಂದು ಘೋಷಿಸಿದೆ. ಅವ್ವ ಒಪ್ಪಿದಳು. ಆದರೆ ಚೀಲ ತುಂಬುವುದನ್ನು ನಿಲ್ಲಿಸಲಿಲ್ಲ.

ಆ ಭಾನುವಾರ ಪಕ್ಕದೂರಾದ ವಾಡಿಯಲ್ಲಿ ಖಾಜಾ ಮಿಯಾನ ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದೆ. ಮುರಿದ ಸೈಕಲ್ಲು, ತುಕ್ಕು ಹಿಡಿದ ಪೈಪುಗಳ ನಡುವೆ ಕಪ್ಪಗೆ ಹೊಳೆಯುತ್ತ ನಿಂತಿತ್ತು, ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆ.

"ಇದೇನು, ಮಿಯಾ?"

"ಫಾರಿನ್ ಒಲಿ, ಮಾಸ್ತರ್ ಸಾಬ್! ಫ್ಯಾಕ್ಟರಿಗೆ ಮಷೀನ್ ಕೂಡಿಸ್ಲಿಕ್ಕ ಬಂದಿದ್ದ ಗೋರಾ ಸಾಹೇಬ್ ತಂದಿದ್ದ. ಇಲ್ಲಿ ಬರ್ಫ್ ಬೀಳ್ತದ ಅಂತ ಯಾರೋ ಅವನಿಗಿ ಹೇಳಿದ್ರಂತ."

"ಆಮ್ಯಾಲ?"

"ಆಮ್ಯಾಲ ಏಪ್ರಿಲ್ ಬಂತು. ಒಲಿ ಬಿಟ್ಟ, ಕೋಟ್ ಬಿಟ್ಟ, ಕಡೀಕ ಊರೇ ಬಿಟ್ಟ!"

ಒಲೆಯ ಕೆಲಸ ಸರಳವಾಗಿತ್ತು. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಸಣ್ಣ ಗುಳಿಗೆಗಳನ್ನು ಮೇಲಿನ ಡಬ್ಬಿಗೆ ಸುರಿಯಬೇಕು. ಕರೆಂಟಿನ ಮೋಟಾರು ಅವನ್ನು ಒಂದಿಷ್ಟೊಂದಿಷ್ಟೇ ಬೆಂಕಿಗೆ ತಳ್ಳುತ್ತದೆ. ಒಂದು ಫ್ಯಾನು ಹೊಗೆಯನ್ನು ಹೊರಗೆ ಕಳಿಸುತ್ತದೆ, ಇನ್ನೊಂದು ಬಿಸಿಗಾಳಿಯನ್ನು ಒಳಗೆ ಊದುತ್ತದೆ. ಜೊತೆಗೆ ಅರ್ಧ ಬಕೀಟು ಗುಳಿಗೆಯೂ ಇತ್ತು.

"ಎಂಟು ದಿನ ಮನ್ಯಾಗ ಇಟ್ಕೋರಿ. ಮನಸ್ಸಿಗಿ ಬಂದ್ರ ತಗೋರಿ, ಇಲ್ಲಂದ್ರ ವಾಪಸ್ ತರ್ರಿ," ಎಂದ ಮಿಯಾ. ಇಷ್ಟು ಸಜ್ಜನ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. ಅನುಮಾನ ಬರಬೇಕಾಗಿದ್ದದ್ದು ಅಲ್ಲೇ!

ಟಂಟಂ ಆಟೋದಿಂದ ಒಲೆ ಇಳಿಯುವುದನ್ನು ಕಂಡು ನನ್ನ ಹೆಂಡತಿ ಸುಧಾ ಸೊಂಟದ ಮೇಲೆ ಕೈಯಿಟ್ಟಳು. "ಒಂದು ಶೇಗಡ್ಯಾಗ ನಾಕು ಇದ್ದಲಿ ಹಾಕಿದ್ರ ಆಗೋ ಕೆಲಸಕ್ಕ ಇದೇನ್ರೀ, ರೈಲ್ವೆ ಇಂಜಿನ್ನು?"

"ಶೇಗಡಿ ಹಳೇ ಕಾಲದ್ದು," ಎಂದೆ.

ಒಲೆಯನ್ನು ದೇವರ ಕೋಣೆಯ ಬಾಗಿಲ ಪಕ್ಕ ಫರಸಿಯ ಮೇಲೆಯೇ ಇಟ್ಟು, ಕೊಳವೆಯನ್ನು ಬೆಳಕಿಂಡಿಯಿಂದ ಹೊರಗೆ ಹಾಯಿಸಿದೆ. ಅವ್ವ ಬಂದು ನೋಡಿದಳು. "ಫರಸಿ ಮ್ಯಾಲ ಬೆಂಕಿ ಇಡಬ್ಯಾಡೋ. ಕಲ್ಲು ಸಿಡೀತದ. ಕೆಳಗ ಉಸುಕರ ಹಾಕು."

ಇದನ್ನು ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸೂ ಬಲ್ಲದು. ಆದರೆ ನಾನು ಉಷ್ಣಪ್ರಸಾರದ ಪಾಠವನ್ನು ಇಪ್ಪತ್ತೈದು ವರ್ಷ ಹೇಳಿದವನು! ಒಲೆಗೆ ನಾಲ್ಕು ಕಾಲಿವೆ, ಕಾಲುಗಳ ನಡುವೆ ಗಾಳಿಯಿದೆ, ಗಾಳಿ ಉಷ್ಣದ ಮಂದವಾಹಕ ಎಂದು ಅವ್ವನಿಗೆ ಸವಿಸ್ತಾರವಾಗಿ ವಿವರಿಸಿದೆ. ಅವ್ವ ಪೂರ್ತಿ ಕೇಳಿದಳು. "ಉಸುಕು ಹಾಕು," ಎಂದು ಹೇಳಿ ಒಳಗೆ ಹೋದಳು. ನಾನು ಹಾಕಲಿಲ್ಲ.

ಮೊದಲ ಮೂರು ದಿನ ಒಲೆ ನನ್ನ ಮಾನ ಉಳಿಸಿತು. ನಸುಕಿನಲ್ಲಿ ಅರ್ಧ ತಾಸು ಹಚ್ಚಿದರೆ ದೇವರ ಕೋಣೆ ಬೆಚ್ಚಗಾಗುತ್ತಿತ್ತು. "ಛಲೋ ಅದಲ್ಲೋ!" ಎಂದಳು ಅವ್ವ. ಚೀಲದಿಂದ ಎರಡು ಸೀರೆ ತೆಗೆದು ಮತ್ತೆ ಟ್ರಂಕಿಗೆ ಹಾಕಿದಳು. ಒಲೆಯನ್ನು ಕೊಂಡೇಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ರಾಘು, ಕೆಟ್ಟೆಯಲ್ಲೋ ತಮ್ಮಾ!

ನಾಲ್ಕನೆಯ ದಿನ ಗುಳಿಗೆ ಮುಗಿದವು. ಚಿತ್ತಾಪುರದಲ್ಲಿ ಕೇಳಿದೆ, ಶಹಾಬಾದಿನಲ್ಲಿ ಕೇಳಿದೆ, ಸೇಡಂನಲ್ಲೂ ಕೇಳಿಸಿದೆ. ಎಲ್ಲರೂ ಮೆಡಿಕಲ್ ಸ್ಟೋರಿನ ದಾರಿ ತೋರಿಸಿದರು. ಅವ್ವ ತೆಗೆದಿಟ್ಟ ಎರಡು ಸೀರೆ ಮತ್ತೆ ಚೀಲ ಸೇರಿದವು.

ಸಂಜೆ ಪಕ್ಕದ ಮನೆಯ ಶರಣಪ್ಪನವರ ಹೊಲದ ಕಡೆ ತಲೆ ಕೆಡಿಸಿಕೊಂಡು ಅಡ್ಡಾಡುತ್ತಿದ್ದೆ. ಗೊಬ್ಬರಕ್ಕೆಂದು ಅವರು ಹೊಲದಲ್ಲಿ ಕುರಿ ಕೂಡಿಸಿದ್ದರು. ನೆಲದ ತುಂಬ ಒಣಗಿದ ಹಿಕ್ಕಿ. ಒಂದನ್ನು ಕೈಗೆತ್ತಿಕೊಂಡೆ. ಅದೇ ಗಾತ್ರ! ಅದೇ ಗಟ್ಟಿತನ! ಸೆಗಣಿಯ ಕುಳ್ಳು ಉರಿಯುತ್ತದೆಂದ ಮೇಲೆ ಹಿಕ್ಕಿ ಯಾಕೆ ಉರಿಯಬಾರದು? ನಿಸರ್ಗವೇ ನನ್ನ ಒಲೆಗೆಂದು ಇದನ್ನು ಅಳತೆ ಹಿಡಿದು ತಯಾರಿಸಿದೆ ಎನಿಸಿತು.

"ಒಂದು ಚೀಲ ಹಿಕ್ಕಿ ಬೇಕಾಗಿತ್ರಿ," ಎಂದೆ.

"ಗಿಡಕ್ಕೇನ್ರಿ, ಮಾಸ್ತರ್ರೆ?"

"ಇಲ್ಲ. ದೇವರ ಕೋಣಿಗೆ."

ಶರಣಪ್ಪನವರು ಚೀಲ ತುಂಬಿಸಿಕೊಟ್ಟು, "ಮುಂಜಾನಿ ನಾನೂ ನೋಡ್ಲಿಕ್ಕ ಬರ್ತೀನ್ರಿ. ಇಂಥಾದ್ದು ತಪ್ಪಿಸ್ಕೋಬಾರ್ದು," ಎಂದರು.

ಮಡಿ ಮೈಲಿಗೆಯ ವಿಷಯದಲ್ಲಿ ನಮ್ಮವ್ವ ಎಂಥವಳೆಂದರೆ, ಒಣಗಿದ ಮಡಿ ಸೀರೆಗೆ ಕಾಗೆಯ ನೆರಳು ಬಿದ್ದರೂ ಮತ್ತೆ ಒಗೆಯುತ್ತಾಳೆ. ಆದ್ದರಿಂದ ಹಿಕ್ಕಿಯನ್ನು ಕದ್ದು ಡಬ್ಬಿಗೆ ಸುರಿದು ಮುಚ್ಚಳ ಹಾಕಿದೆ.

"ಗುಳಿಗಿ ಸಿಕ್ಕವೇನೋ?" ಎಂದಳು ಅವ್ವ.

"ಸಿಕ್ವು. ಫಾರಿನ್ನಿಂದ ತರಸೀನಿ."

ಮುಂಜಾನೆ ಐದೂವರೆ. ಅವ್ವ ಪೂಜೆಗೆ ಕೂತಿದ್ದಳು. ಸುಧಾ ಹುಗ್ಗಿಯ ಪಾತ್ರೆ ತಂದು ದೇವರ ಮುಂದಿಟ್ಟಿದ್ದಳು. ಶರಣಪ್ಪನವರು ಕಂಬಳಿ ಹೊದ್ದು ಹೊಸ್ತಿಲಾಚೆ ಕೂತಿದ್ದರು. ಗುಂಡಿ ಒತ್ತಿದೆ. ಹೊತ್ತಿಕೊಂಡಿತು! ಹತ್ತು ನಿಮಿಷ ಧಗಧಗ ಉರಿಯಿತು. ವಾಸನೆಯೂ ಬಂತು.

"ಅತ್ತೀ, ಕುರಿ ಹಿಂಡು ಹೊಂಟದೇನ್ರಿ ಹೊರಗ?" ಎಂದಳು ಸುಧಾ.

"ಫಾರಿನ್ ಕಟ್ಟಿಗಿ ಹಂಗೇ ಇರ್ತಾವ," ಎಂದೆ. ಶರಣಪ್ಪನವರು ಕಂಬಳಿಯೊಳಗೆ ಮುಖ ಹುದುಗಿಸಿದರು. ಕಂಬಳಿ ಕುಲುಕುತ್ತಿತ್ತು.

ಆರು ಗಂಟೆಯಾಯಿತು. ನಮ್ಮೂರಿನಲ್ಲಿ ಆರಕ್ಕೆ ಕರೆಂಟು ಹೋಗುವುದು ಸೂರ್ಯ ಹುಟ್ಟಿದಷ್ಟೇ ಖಾತ್ರಿ. ಹಿಂದಿನ ದಿನಗಳಲ್ಲಿ ಅಷ್ಟರೊಳಗೆ ಒಲೆ ಆರಿಸಿರುತ್ತಿದ್ದೆ. ಇವತ್ತು ಶರಣಪ್ಪನವರಿಗೆ ವಿಜ್ಞಾನ ಹೇಳುವ ಉತ್ಸಾಹದಲ್ಲಿ ಮರೆತೆ. ಕರೆಂಟು ಹೋಯಿತು, ಫ್ಯಾನು ನಿಂತಿತು. ಹೊರಗೆ ಹೋಗಬೇಕಾದ ಹೊಗೆ ಒಳಗೆ ತಿರುಗಿತು. ದೇವರು ಕಾಣಲಿಲ್ಲ, ಅವ್ವ ಕಾಣಲಿಲ್ಲ, ನನ್ನ ಕೈ ನನಗೇ ಕಾಣಲಿಲ್ಲ!

ಅಷ್ಟರಲ್ಲಿ ಢಂ! ಕಾದಿದ್ದ ಫರಸಿ ಸಿಡಿಯಿತು. ಒಲೆ ಒಂದು ಕಾಲಿನ ಕಡೆ ವಾಲಿತು. ಡಬ್ಬಿಯ ಮುಚ್ಚಳ ಹಾರಿತು. ಹಿಕ್ಕಿಗಳು ಸರಸರನೆ ಉರುಳಿ ಹೊಸ್ತಿಲು ದಾಟಿ ದೇವರ ಕೋಣೆಗೆ ನಡೆದವು. ಸುಧಾ ಒಂದು ಕೈಯಲ್ಲಿ ಹುಗ್ಗಿಯ ಪಾತ್ರೆ, ಇನ್ನೊಂದರಲ್ಲಿ ಅವ್ವನ ರಟ್ಟೆ ಹಿಡಿದು ಅಂಗಳಕ್ಕೆ ಓಡಿದಳು. ಶರಣಪ್ಪನವರು ಒಂದು ಕೊಡ ನೀರು ಸುರಿದು ಬೆಂಕಿ ಆರಿಸಿದರು.

ಬೆಳಕಾದ ಮೇಲೆ ಅವ್ವ ಹೊಸ್ತಿಲಲ್ಲಿ ನಿಂತು ಬಗ್ಗಿ ನೋಡಿದಳು. ನೋಡಿದಳು, ಮತ್ತೆ ನೋಡಿದಳು.

"ನರಸ್ಯಾ, ಈ ಕುರಿ ಯಾವ ದೇಶದ್ದೋ?"

ಮನೆಯನ್ನು ಮೂರು ಸಲ ತೊಳೆದೆ. ಪ್ರತಿ ಸಲವೂ ನನಗೆ ತಣ್ಣೀರಿನ ಸ್ನಾನ. ಆ ಧನುರ್ಮಾಸದ ಚಳಿಯನ್ನು ಮನೆಯಲ್ಲಿ ಪೂರ್ತಿಯಾಗಿ ಅನುಭವಿಸಿದವನು ನಾನೊಬ್ಬನೇ. ಸುಧಾ ಉಸುಕಿನ ಮೇಲೆ ಶೇಗಡಿಯಿಟ್ಟು ನಾಲ್ಕು ಇದ್ದಲಿ ಹಾಕಿದಳು. ಹತ್ತು ನಿಮಿಷದಲ್ಲಿ ಕೋಣೆ ಬೆಚ್ಚಗಾಯಿತು.

ಮಧ್ಯಾಹ್ನ ಒಲೆಯನ್ನು ವಾಡಿಗೆ ಒಯ್ದೆ. ಮಿಯಾ ಡಬ್ಬಿಯೊಳಗೆ ಮೂಗಿಟ್ಟು ಹಿಂದೆ ಸರಿದ. "ತೋಬಾ! ಪೈಲೇ ಒಯ್ದವರು ತೊಗರಿ ಹಾಕಿದ್ರು, ಅವರಿಗಿಂತ ಪೈಲೇ ಒಯ್ದವರು ಶೇಂಗಾ ಹಾಕಿದ್ರು. ಭಾಳ ಓದಿದವರು ನೀವೇ ನೋಡ್ರಿ!"

ಅವ್ವ ಹೋಗಿಯೇಬಿಟ್ಟಿರುತ್ತಾಳೆಂದು ಕಾಲೆಳೆಯುತ್ತ ಮನೆಗೆ ಬಂದರೆ, ಚೀಲ ಖಾಲಿಯಾಗಿ ಗೂಟಕ್ಕೆ ತೂಗುತ್ತಿತ್ತು. ಸೀರೆಗಳೆಲ್ಲ ಟ್ರಂಕಿನಲ್ಲಿದ್ದವು. ಸಂಜೆ ರಾಘುವಿನ ಫೋನು ಬಂತು.

"ಅವ್ವ ಬರೂದಿಲ್ಲಂತಲ್ಲೋ ಅಣ್ಣಾ! ಅಂಥಾದ್ದೇನು ಮಾಡಿದಿ ನೀ?"

"ಮನೀನ ಬೆಚ್ಚಗಿಟ್ಟೀನಪ್ಪಾ. ತಾಯಿನ್ನ ನೋಡ್ಕೊಳ್ಳೂದು ಹಿರೀ ಮಗನ ಧರ್ಮ," ಎಂದೆ ಗಂಭೀರವಾಗಿ.

ಅವ್ವ ಫೋನು ಕಸಿದುಕೊಂಡಳು. "ರಾಘೂ, ಸಿಟ್ಟಾಗಬ್ಯಾಡಪಾ. ನೀ ಶಾಣ್ಯಾ ಇದ್ದೀ, ನಾ ಇರದಿದ್ರೂ ನಡೀತದ. ಇವನ್ನ ಒಬ್ಬನ್ನ ಬಿಟ್ಟು ನಾ ಹ್ಯಾಂಗ ಬರ್ಲಿ? ಕೂಸು ಬೆಂಕಿ ಜೋಡಿ ಆಡ್ತದ!"

ಕೂಸಿಗೆ ಆಗ ಐವತ್ತೊಂದು ತುಂಬಿತ್ತು.