ಎರಡು ದಿಬ್ಬಣ, ಒಂದು ಸಂದರ್ಶನ

ನನ್ನ ನೆನಪಿನ ಶಕ್ತಿ ಬಹಳ ಚೆನ್ನಾಗಿದೆ. ನಡೆಯದೇ ಇದ್ದದ್ದೂ ನೆನಪಿರುತ್ತದೆ. ಇದು ತಿಳಿದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ದೊಡ್ಡದೊಂದು ತಂತ್ರಜ್ಞಾನ ಕಂಪನಿಯ ಸಂದರ್ಶನಕ್ಕೆ ಕೂತಾಗ. ಅಲ್ಲಿಯವರೆಗೆ ಬಂಟ್ವಾಳದ ಸಣ್ಣ ಆಫೀಸೊಂದರಲ್ಲಿ ಮದುವೆ ಹಾಲ್‌ಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಆ ಆಫೀಸು ಮುಚ್ಚುವುದರಲ್ಲಿತ್ತು. ಈ ಕೆಲಸ ಸಿಕ್ಕಿದರೆ ಸಿದ್ಧಕಟ್ಟೆಯ ಮನೆಯಲ್ಲೇ ಕೂತು ಮಾಡಬಹುದು. ಸಿಗದಿದ್ದರೆ, ಹೊಲಿಗೆ ಕೆಲಸ ಮಾಡುವ ಹೆಂಡತಿ ಸುಮತಿಯ ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತ ಕೂರಬೇಕು.

ಕೋಡಿಂಗಿನ ಸುತ್ತುಗಳನ್ನೆಲ್ಲ ದಾಟಿದೆ. ಕೊನೆಯದು ಕಥೆ ಹೇಳುವ ಸುತ್ತು. ನೀವು ಮಾಡಿದ ಒಂದು ತಪ್ಪು, ಅದನ್ನು ಸರಿಪಡಿಸಿದ ಬಗೆ, ಕಲಿತ ಪಾಠ, ಎಲ್ಲವನ್ನೂ ಐದು ನಿಮಿಷದಲ್ಲಿ ಹೇಳಬೇಕಂತೆ. ಬದುಕು ಅಷ್ಟು ಸಾಲಾಗಿ ನಡೆಯುವುದಿಲ್ಲ. ಆದರೂ ನನ್ನಲ್ಲೊಂದು ಕಥೆ ಇತ್ತು. ನನ್ನ ಸಾಫ್ಟ್‌ವೇರು ಪಾಣೆಮಂಗಳೂರಿನ ಒಂದು ಮದುವೆ ಹಾಲನ್ನು ಒಂದೇ ದಿನ ಎರಡು ಮದುವೆಗೆ ಕೊಟ್ಟುಬಿಟ್ಟಿತ್ತು. ನಾನದನ್ನು ಕಂಡುಹಿಡಿದು, ಒಂದು ಮನೆಯವರನ್ನು ಒಪ್ಪಿಸಿ, ಅವರ ಮದುವೆಯನ್ನು ಮೂಡುಬಿದಿರೆಗೆ ಸಾಗಿಸಿದೆ. ಪ್ರತಿ ಸಲ ಅಭ್ಯಾಸ ಮಾಡಿದಾಗಲೂ ನಾನು ಇನ್ನಷ್ಟು ಧೀರನಾಗುತ್ತಿದ್ದೆ.

ಸಂದರ್ಶನದ ದಿನ, ಸಿಗ್ನಲ್ ಇರುವುದು ಅದೊಂದೇ ಕಡೆ ಎಂದು ಸುಮತಿಯ ಹೊಲಿಗೆ ಕೋಣೆಯಲ್ಲಿ ಕೂತೆ. ಅವಳು ಯಂತ್ರ ನಿಲ್ಲಿಸಿ ಹುಕ್ಕು ಹಚ್ಚುತ್ತಿದ್ದಳು. ಕಥೆ ಸೊಗಸಾಗಿ ಸಾಗಿತು. ಆದರೆ ತೆರೆಯ ಮೇಲಿದ್ದ ಬೆಂಗಳೂರಿನ ಮಹಿಳೆ, ಆ ಮನೆಯವರಿಗೆ ನಾನು ನಿಖರವಾಗಿ ಏನು ಹೇಳಿದೆ ಎಂದು ಕೇಳಿದರು. ನಾನು ಕಥೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ. ಸುಮತಿಗೆ ನಗು ತಡೆಯಲಾಗಲಿಲ್ಲ.

"ಇವರು ಮಲಗಿದ್ದರು ಮೇಡಂ. ಎರಡೂ ಮನೆಯವರು ಒಬ್ಬರೇ ಅಡುಗೆಯವರನ್ನು ಕರೆದಿದ್ದರು. ಆ ಅಡುಗೆಯವರು ಇವರಿಗೆ ಫೋನ್ ಮಾಡಿದರು, ನಾನು ಎತ್ತಿದೆ. ಎರಡು ಮದುವೆಯಾ, ಒಬ್ಬ ಮದುಮಗನಿಗೆ ಎರಡು ಪಾಯಸವಾ ಅಂತ ಕೇಳಿದರು. ಮತ್ತೆ ನಾನೇ ಒಂದು ಮನೆಯ ಹೆಣ್ಣಿನ ತಾಯಿಗೆ ಹೇಳಿದ್ದು, ಎರಡು ದಿಬ್ಬಣ ಒಟ್ಟಿಗೆ ಬಂದರೆ ನಿಮ್ಮ ಊಟ ಅವರ ನೆಂಟರು ಉಂಡು ಹೋಗ್ತಾರೆ, ಮೂಡುಬಿದಿರೆಯಲ್ಲಿ ಹಾಲ್ ಖಾಲಿ ಉಂಟು, ಅಡುಗೆಯವರನ್ನು ನಿಮಗೇ ಕಳಿಸ್ತೇವೆ ಅಂತ."

ಕೆಲಸ ಹೋಯಿತು ಎಂದುಕೊಂಡೆ. ಸಿಕ್ಕಿತು. ಇತರರ ಪಾಲನ್ನು ಒಪ್ಪಿಕೊಳ್ಳುವ ಗುಣ ಅವರಿಗೆ ಹಿಡಿಸಿತಂತೆ. ಈಗ ಎರಡು ವರ್ಷದಿಂದ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಸುಖವಾಗಿದ್ದೇನೆ. ಮೀಟಿಂಗ್ ಇದ್ದಾಗ ಯಂತ್ರ ನಿಲ್ಲುತ್ತದೆ, ಗಿರಾಕಿ ಬಂದಾಗ ಮೀಟಿಂಗಿನಲ್ಲಿ ನಾನು ಮೌನಿ.

ಇಷ್ಟು ಬರೆದು ಸುಮತಿಗೆ ಓದಿ ಹೇಳಿದೆ. ಅವಳು ಹಲ್ಲಿನಲ್ಲಿ ಕಚ್ಚಿದ್ದ ನೂಲು ತೆಗೆದು, "ಎಂಥ ಮಾರಾಯ್ರೆ, ನಿಮ್ಮ ಸಂದರ್ಶನದ ದಿನ ನಾನು ಮನೆಯಲ್ಲೇ ಇರಲಿಲ್ಲ. ನೂಲು ತರಲಿಕ್ಕೆ ಪೇಟೆಗೆ ಹೋಗಿದ್ದೆ. ಎಲ್ಲ ಹೆಂಡತಿ ಮಾಡಿದ್ದು ಅಂತ ಆ ಮೇಡಂಗೆ ನೀವೇ ಹೇಳಿದ್ದಂತೆ. ಸಂಜೆ ನಾನು ಬಂದಾಗ ಮುಖ ಸಣ್ಣ ಮಾಡಿ ಕೂತು ನೀವೇ ನನಗೆ ಹೇಳಿದಿರಿ" ಎಂದಳು.

ಮದುವೆಯಾದ ಹದಿನಾರು ವರ್ಷಗಳಲ್ಲಿ ಮೊದಲ ಸಲ, ಒಂದು ಮಾತೂ ವಾದಿಸದೆ, ಅವಳ ನೆನಪೇ ಸರಿ ಎಂದು ಒಪ್ಪಿಕೊಂಡೆ.