ಮಣ್ಣೂರಿನ ತಪ್ಪು ಪಟ್ಟಿಯನ್ನು ತಿದ್ದಬಾರದೆಂಬ ವಿನಂತಿ

ಮಣ್ಣೂರ, ತಾಲೂಕು ಅಫಜಲಪುರ
೧೮ ನವೆಂಬರ್ ೧೯೮೬

ಮಾನ್ಯ ಸಂಪಾದಕರಿಗೆ,
‘ಆರೋಗ್ಯಾಡಳಿತ ವಾರ್ತೆ’,
ವಿಶ್ವವಿದ್ಯಾಲಯದ ಆರೋಗ್ಯ ಆಡಳಿತ ವಿಭಾಗ

ಮಾನ್ಯರೇ,

ತಮಗೂ, ತಮ್ಮ ತಲೆಯ ಮೇಲೆ ತಿರುಗುವ ಪಂಖಾಕ್ಕೂ, ಅದರ ಗಾಳಿಗೆ ಹಾರದಂತೆ ಕಲ್ಲು ಹೇರಿಸಿಕೊಂಡು ವರ್ಷಗಟ್ಟಲೆ ಕುಳಿತಿರುವ ತಮ್ಮ ಕಚೇರಿಯ ಸಮಸ್ತ ಕಾಗದಗಳಿಗೂ ಮಣ್ಣೂರಿನ ಶಾಖಾ ಅಂಚೆ ಮಾಸ್ತರನಾದ ಶಾಂತಲಿಂಗಪ್ಪನ ಶರಣು ಶರಣಾರ್ಥಿಗಳು. ಭೀಮಾ ನದಿಯ ದಂಡೆಯ ಈ ಊರಿನಲ್ಲಿ ಅಂಚೆ ಕಚೇರಿ ಎಂದರೆ ನಮ್ಮ ಮನೆಯ ಪಡಸಾಲೆ. ತಮ್ಮ ಮಾಸಿಕ ‘ವಾರ್ತೆ’ ಬಂದ ದಿನ ಅದನ್ನು ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವ ಭಾಗ್ಯವೂ ನನ್ನದೇ. ಆಳಂದದಲ್ಲಿ ತಾವು ಕೈ ತೊಳೆಯುವ ಕುರಿತು ಎರಡು ದಿನದ ವಿಚಾರ ಸಂಕಿರಣ ನಡೆಸಿದ್ದನ್ನೂ, ಜೇವರ್ಗಿಯಲ್ಲಿ ಸೊಳ್ಳೆಯ ಚಿತ್ರವಿರುವ ಭಿತ್ತಿಪತ್ರವನ್ನು ದೀಪ ಬೆಳಗಿ ಬಿಡುಗಡೆ ಮಾಡಿದ್ದನ್ನೂ ನಮ್ಮ ಜನ ಬಾಯಿ ತೆರೆದು ಕೇಳಿದ್ದಾರೆ. ಸೊಳ್ಳೆಗೆ ದೀಪ ಬೆಳಗುವ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ ಸ್ವಾಮಿ.

ಈ ಪತ್ರ ಬರೆಯಲು ಕಾರಣ, ತಮ್ಮ ನವೆಂಬರ್ ಸಂಚಿಕೆಯ ಕೊನೆಯ ಪುಟದಲ್ಲಿ ಬಂದಿರುವ ‘ಮಣ್ಣೂರ ತಪಾಸಣಾ ಪಟ್ಟಿಗೆ ತಿದ್ದುಪಡಿ’ ಎಂಬ ಪ್ರಕಟಣೆ. ಅದನ್ನು ಎಂಟು ದಿನದೊಳಗೆ ಊರ ಮುಂದೆ ಓದಿ, ಪಟ್ಟಿಯಲ್ಲಿರುವ ಎಲ್ಲರ ಸಹಿ ಇಲ್ಲವೇ ಹೆಬ್ಬೆಟ್ಟು ಪಡೆದು ಕಳಿಸಬೇಕೆಂದು ನನಗೆ ಆಜ್ಞೆಯಾಗಿದೆ. ಐದು ದಿನ ಕಳೆದವು. ಸಂಚಿಕೆ ನನ್ನ ಮೇಜಿನ ಖಾನೆಯಲ್ಲಿ ಬೀಗದೊಳಗಿದೆ. ಅದನ್ನು ಓದಿದರೆ ನನ್ನ ತಾಯಿ ಸುಭದ್ರಾಬಾಯಿ ಹಾಲು ಕುಡಿಯುವುದನ್ನು ಬಿಡುತ್ತಾಳೆ. ನನ್ನ ತಕರಾರು ಇಷ್ಟೇ, ಉಳಿದುದೆಲ್ಲ ಇದರ ವಿವರಣೆ.

ತಮಗೆ ನೆನಪಿರಬಹುದು, ಮಾರ್ಚ್ ತಿಂಗಳಲ್ಲಿ ತಮ್ಮ ವಿಭಾಗದ ಎಂಟು ವಿದ್ಯಾರ್ಥಿಗಳು, ಒಬ್ಬ ಡಾಕ್ಟರು ಮತ್ತು ಒಂದು ತೂಕದ ಯಂತ್ರ ಜೀಪಿನಲ್ಲಿ ಬಂದು ಎರಡು ದಿನ ಊರನ್ನು ತಪಾಸಣೆ ಮಾಡಿದರು. ಔಷಧ ಬೇಕಾದವರಿಗೆ ಅಲ್ಲಿಯೇ ಚೀಟಿ ಕೊಟ್ಟರು. ಯಾರು ಏನು ತಿನ್ನಬೇಕು, ಹೇಗೆ ಇರಬೇಕು ಎಂಬ ಉಪದೇಶವನ್ನು ಮಾತ್ರ ‘ವಾರ್ತೆ’ಯೊಂದಿಗೆ ಪಟ್ಟಿ ಮಾಡಿ ಕಳಿಸುವುದಾಗಿ ಹೇಳಿ ಹೋದರು. ಏಪ್ರಿಲ್ ತಿಂಗಳಲ್ಲಿ ಆ ಪಟ್ಟಿ ಬಂದಿತು. ಎಡಗಡೆಯ ಹಾಳೆಯಲ್ಲಿ ಹೆಸರುಗಳು, ಬಲಗಡೆಯ ಹಾಳೆಯಲ್ಲಿ ದೋಷ ಮತ್ತು ಸಲಹೆ. ಎರಡೂ ಹಾಳೆ ಕೂಡಿದ ಜಾಗದಲ್ಲಿ ಬಲಗಡೆಯದು ಒಂದೇ ಒಂದು ಸಾಲು ಕೆಳಗಿಳಿದಿತ್ತು. ಹೀಗಾಗಿ ಒಬ್ಬರಿಗೆ ಬರೆದ ಉಪದೇಶ ಅವರ ಕೆಳಗಿನ ಹೆಸರಿನವರಿಗೆ ಹೋಯಿತು. ಊರು ಅದನ್ನು ಹಾಗೆಯೇ ಕೇಳಿತು, ಹಾಗೆಯೇ ನಡೆಯಿತು.

ಪಟ್ಟಿಯ ಮೊದಲ ಹೆಸರು ಊರಿನ ದೊಡ್ಡ ಹಿಡುವಳಿದಾರರಾದ ಜಗದೇವಪ್ಪನವರದು. ಅವರ ಎದುರಿಗೆ ಬಂದುದು ಬರೀ ತಲೆಬರಹ, ಎಂದರೆ ದೋಷವೂ ಇಲ್ಲ, ಸಲಹೆಯೂ ಇಲ್ಲ. ವಿಶ್ವವಿದ್ಯಾಲಯವೇ ತಮ್ಮಲ್ಲಿ ಹುಳುಕು ಕಾಣಲಿಲ್ಲವೆಂದು ಅವರು ಅಂದಿನಿಂದ ಎದೆ ಮುಂದೆ ಮಾಡಿ ನಡೆಯುತ್ತಿದ್ದಾರೆ. ಅವರಿಗೆ ತಾವು ಬರೆದಿದ್ದ “ತಂಬಾಕು ಬಿಡಬೇಕು, ಸಂಜೆ ಎರಡು ಮೈಲು ನಡೆಯಬೇಕು” ಎಂಬ ಉಪದೇಶ ಎರಡನೆಯ ಹೆಸರಿಗೆ, ಆಗ ಮೂರು ತಿಂಗಳ ಬಸುರಿಯಾಗಿದ್ದ ನನ್ನ ಹೆಂಡತಿ ಅಂಬುಬಾಯಿಗೆ ಹೋಯಿತು. ಆಕೆ ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವುದು ಹನ್ನೊಂದು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ. “ಅಯ್ಯ ಶಿವನ, ಬರೇ ನಾಲಿಗಿ ನೋಡಿ ಎಲ್ಲಾ ಹಿಡದಾರಲ್ರಿ!” ಎಂದು ಆಕೆ ಡಬ್ಬಿಯನ್ನು ತಿಪ್ಪೆಗೆ ಎಸೆದಳು. ನಡೆಯಲು ಮಾತ್ರ ಒಬ್ಬಳೇ ಹೇಗೆ ಹೋದಾಳು? ಊರಲ್ಲಿ ಗಂಡ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ ನಡೆಯುವುದು ರೂಢಿ. ಆದರೆ ಎರಡು ಮೈಲು ಹಾಗೆ ಹಿಂದೆ ತಿರುತಿರುಗಿ ನೋಡುತ್ತ ನಡೆದರೆ ಕುತ್ತಿಗೆ ನೋಯುತ್ತದೆಂದು ನಾವು ಮೂರನೆಯ ದಿನದಿಂದ ಜೋಡಿಯಾಗಿಯೇ ಹೊಳೆದಂಡೆಗೆ ಹೋಗತೊಡಗಿದೆವು. ನನ್ನ ಹೆಂಡತಿಗೆ ಇಷ್ಟು ಮಾತು ಬರುತ್ತದೆ, ಅದರಲ್ಲಿ ಇಷ್ಟು ನಗೆ ಇದೆ ಎಂದು ನನಗೆ ತಿಳಿದದ್ದು ತಮ್ಮ ವಿಭಾಗದ ಕೃಪೆಯಿಂದ.

ಮೂರನೆಯ ಹೆಸರು ನನ್ನ ತಾಯಿಯದು. ಅವ್ವನ ಬಗ್ಗೆ ಎರಡು ಮಾತು ಹೇಳದಿದ್ದರೆ ತಮಗೆ ನನ್ನ ಹೊಟ್ಟೆಯುರಿ ಅರ್ಥವಾಗದು. ಅರವತ್ತಾರು ವರ್ಷದ ಈ ಹೆಣ್ಣುಮಗಳು ನನಗೆ ತಿಳಿವಳಿಕೆ ಬಂದಾಗಿನಿಂದ ಬಿಸಿ ರೊಟ್ಟಿ ತಿಂದದ್ದನ್ನು ನಾನು ಕಂಡಿಲ್ಲ. ಮನೆಮಂದಿ, ಬಂದವರು, ಆಳುಗಳು, ಕೊನೆಗೆ ನಾಯಿ, ಎಲ್ಲರದೂ ಮುಗಿದ ಮೇಲೆ ಮಧ್ಯಾಹ್ನ ಮೂರಕ್ಕೆ ಬುಟ್ಟಿಯ ತಳದ ರೊಟ್ಟಿಗೆ ಗಡಿಗೆ ಬಳಿದ ಪುಂಡಿಪಲ್ಯೆ ಹಚ್ಚಿಕೊಂಡು ಒಲೆಯ ಮಗ್ಗುಲಿಗೆ ಕೂರುತ್ತಿದ್ದಳು. ನಾನು ಬೇಡಿದೆ, ಬೈದೆ, ಎರಡು ದಿನ ಊಟ ಬಿಟ್ಟೂ ನೋಡಿದೆ. ಹಾಲಿನ ಲೋಟ ಮುಂದಿಟ್ಟರೆ, “ನನಗ್ಯಾಕೋ ಹಾಲು, ನಾ ಏನ್ ಕುಸ್ತಿ ಹಿಡಿಯಾಕ ಹೊಂಟೇನಿ?” ಎಂದು ಅದನ್ನು ಮತ್ತೆ ಗಡಿಗೆಗೆ ಸುರಿಯುತ್ತಿದ್ದಳು. ಮಗನ ಮಾತಿಗೆ ಆ ಮನೆಯಲ್ಲಿ ಅಷ್ಟೇ ಬೆಲೆ.

ಅಂಥವಳ ಹೆಸರಿನ ಎದುರು, ನನ್ನ ಹೆಂಡತಿಗೆ ಬರೆದಿದ್ದ ಸಾಲು ಬಂದು ಕುಳಿತಿತು: “ರಕ್ತ ಕಡಿಮೆ. ಮನೆಯವರಿಗಿಂತ ಮೊದಲು ಬಿಸಿ ಊಟ ಮಾಡಬೇಕು. ಎರಡು ಹೊತ್ತು ಹಾಲು. ಕೊಡ ಹೊರಬಾರದು. ಮಧ್ಯಾಹ್ನ ಎರಡು ತಾಸು ಮಲಗಬೇಕು. ತಿಂಗಳ ಮೊದಲ ಮಂಗಳವಾರ ಘತ್ತರಗಿಯ ತಪಾಸಣೆಗೆ ಬರಬೇಕು.” ನಾನು ಕಟ್ಟೆಯ ಮೇಲಿಂದ ಓದಿದೆ. ಎದುರಿಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಸರಿಮಾಡಿಕೊಂಡು, “ನನ್ನ ಹೆಸರು ಖರೇನ ಅದರಾಗ ಅದ ಏನೋ? ನಾ ಮೊದಲ ಉಣಬೇಕಂತ ಬರದಾರೇನು? ಮತ್ತೊಮ್ಮೆ ಓದು” ಎಂದಳು. ಮತ್ತೊಮ್ಮೆ ಓದಿದೆ. ಮರುದಿನ ಹತ್ತು ಗಂಟೆಗೆ ನನ್ನ ತಾಯಿ ಎಲ್ಲರಿಗಿಂತ ಮೊದಲು ತಾಟಿನ ಮುಂದೆ ಕುಳಿತು ಉಬ್ಬಿದ ರೊಟ್ಟಿಯ ಪದರು ಬಿಡಿಸಿ, ಮೇಲೆದ್ದ ಹಬೆಗೆ ಮೊದಲು ಮುಖವೊಡ್ಡಿ, ಆಮೇಲೆ ತುತ್ತು ಮುರಿದಳು. ಸೊಸೆಗೂ ಅಷ್ಟೇ ಹಾಲು ಕೊಡದಿದ್ದರೆ ತನಗೆ ಇಳಿಯುವುದಿಲ್ಲವೆಂದು ಹಟ ಹಿಡಿದದ್ದರಿಂದ ಬಸುರಿಗೂ ಕೊರತೆಯಾಗಲಿಲ್ಲ.

ನಾಲ್ಕನೆಯವನು ನೆರೆಮನೆಯ ಧರ್ಮಣ್ಣ. ಹನ್ನೆರಡು ವರ್ಷದಿಂದ ದಿನಕ್ಕೊಂದು ರೋಗ ಅನುಭವಿಸುತ್ತ, ಕೊಳಕೂರಿನ ಬೀಗರ ಮನೆಯವರೆಗೂ ಅದರ ಸುದ್ದಿ ಮುಟ್ಟಿಸುತ್ತಿದ್ದವನು. ಅವನಿಗೆ ಅವ್ವನ ಸಾಲು ಸಿಕ್ಕಿತು: “ವಿಶೇಷವೇನಿಲ್ಲ.” ಸಲಹೆಯ ಜಾಗದಲ್ಲಿ ಒಂದು ಅಡ್ಡಗೆರೆ. ಒಂದು ವಾರ ಅವನು ಹಾಸಿಗೆಯ ಮೇಲೆ ಕುಳಿತು ಮೈಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಎಂಟನೆಯ ದಿನ, “ಮತ್ತ ನಾ ಇಷ್ಟ ದಿನ ಯಾಕ ಮಲಗಿದ್ದೆ ಮಾಸ್ತರ?” ಎಂದು ಕೇಳಿ, ನೆಲ ಹರಗುವ ಕುಂಟೆಯನ್ನು ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋದ. ಧರ್ಮಣ್ಣನ ಕೆಳಗಿನವರ ಕಥೆಯನ್ನೂ ಬರೆದರೆ ಲಕೋಟೆ ಭಾರವಾಗಿ ತಮಗೇ ದಂಡ ಬೀಳುವುದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಇನ್ನು ಘತ್ತರಗಿಯ ಮಂಗಳವಾರ. ಅದು ತಮ್ಮ ವಿಭಾಗದವರು ಬಸುರಿಯರಿಗಾಗಿ ನಡೆಸುವ ತಪಾಸಣೆಯೆಂದು ಅವ್ವನಿಗೆ ಯಾರು ಹೇಳಬೇಕು? ಮೇ ತಿಂಗಳ ಮೊದಲ ಮಂಗಳವಾರ ಇಳಕಲ್ ಸೀರೆ ಉಟ್ಟು, ಜೊತೆಗಿರಲೆಂದು ಸೊಸೆಯನ್ನು ಕರೆದುಕೊಂಡು, ಮೊದಲು ಅಲ್ಲಿಯ ದೇವಿ ಭಾಗ್ಯವಂತಿಗೆ ಕಾಯಿ ಒಡೆಸಿ, ಆಮೇಲೆ ಹೊಟ್ಟೆ ಹೊತ್ತ ಹುಡುಗಿಯರ ಸಾಲಿನಲ್ಲಿ ಗಂಭೀರವಾಗಿ ಕುಳಿತಳಂತೆ. ತಮ್ಮ ನರ್ಸ್ ಮೆಹರಾಜಬೇಗಂ ಸಾಲಿನಲ್ಲಿ ಬರುತ್ತ, “ಎಷ್ಟು ತಿಂಗಳಾತಬೇ?” ಎಂದು ತಲೆಯೆತ್ತದೆ ಕೇಳಿದ್ದಾರೆ. “ಕಾಗದ ಬಂದು ಒಂದ ತಿಂಗಳಾತ್ರಿ” ಎಂದು ಅವ್ವ ಉತ್ತರಿಸಿದ್ದಾಳೆ. ಆಗ ತಲೆಯೆತ್ತಿ ನೋಡಿದ ಆ ನರ್ಸಮ್ಮ ನಗಲಿಲ್ಲ, ಬೈಯಲಿಲ್ಲ. ಸೊಸೆಯನ್ನೂ ನೋಡಿದರು, ಅತ್ತೆಯನ್ನೂ ನೋಡಿದರು, ಇಬ್ಬರ ರಕ್ತವೂ ಕಡಿಮೆಯಿದೆಯೆಂದು ಇಬ್ಬರಿಗೂ ಕಬ್ಬಿಣದ ಗುಳಿಗೆ ಕೊಟ್ಟು, ಅಲ್ಲಿದ್ದ ಒಂದೇ ರಿಜಿಸ್ಟರಿನಲ್ಲಿ ಇಬ್ಬರ ಹೆಸರನ್ನೂ ಬರೆದರು. ಐದು ಮಂಗಳವಾರ ಹೀಗೆ ನಡೆಯಿತು. ಮೂವತ್ತೆಂಟು ಕಿಲೋ ಇದ್ದ ಅವ್ವ ನಲವತ್ತಮೂರು ಕಿಲೋ ಆದಳು. ಸೆಪ್ಟೆಂಬರಿನಲ್ಲಿ ಅಂಬುಬಾಯಿ ದುಂಡಗಿನ ಹೆಣ್ಣು ಕೂಸನ್ನು ಹೆತ್ತಳು. ಆ ಕೂಸನ್ನು ನಡುಗದ ಕೈಯಲ್ಲಿ ಎತ್ತಿ ಎರೆದವಳು ಅವ್ವ.

ಅಕ್ಟೋಬರಿನಲ್ಲಿ ತಮ್ಮ ಕಚೇರಿಯಿಂದ ನನಗೆ ಒಂದು ಕಾರ್ಡು ಬಂದಿತು. “ಸುಭದ್ರಾಬಾಯಿ, ವಯಸ್ಸು ೬೬, ಇವರ ಹೆರಿಗೆಯ ದಿನಾಂಕ, ಕೂಸಿನ ತೂಕ ಮತ್ತು ಫಲಿತಾಂಶವನ್ನು ಕೂಡಲೇ ತಿಳಿಸುವುದು.” ಸರಕಾರಿ ಪ್ರಶ್ನೆಗೆ ಸುಳ್ಳು ಹೇಳಬಾರದೆಂದು, ಆಕೆಯ ಕಡೆಯ ಹೆರಿಗೆ ೧೯೪೯ರಲ್ಲಿ ಆಯಿತೆಂದೂ, ಫಲಿತಾಂಶ ನಾನೇ ಎಂದೂ, ತೃಪ್ತಿಕರವೋ ಅಲ್ಲವೋ ತಾವೇ ಬಂದು ನೋಡಬೇಕೆಂದೂ ಬರೆದೆ. ಇದಕ್ಕೆ ತಾವು ನಗುತ್ತೀರೆಂದುಕೊಂಡಿದ್ದೆ. ತಾವು ವಿಚಾರಣೆ ನಡೆಸಿದಿರಿ. ಒಬ್ಬ ಸಾಹೇಬರು ಬಂದು ನನ್ನಲ್ಲಿದ್ದ ಪಟ್ಟಿ ನೋಡಿ, ಒಂದು ಸಾಲಿನ ವ್ಯತ್ಯಾಸವನ್ನು ಬೆರಳಿಟ್ಟು ಹಿಡಿದು, ಹುಲಿ ಹೊಡೆದವರಂತೆ ಮರಳಿ ಹೋದರು. ಅದರ ಫಲವೇ ಈ ತಿದ್ದುಪಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬೆರಳಚ್ಚುಗಾರ್ತಿ ಫಕ್ರುನ್ನಿಸಾ ಅವರ ಅಜಾಗರೂಕತೆಯಿಂದ ತಪ್ಪು ಸಂಭವಿಸಿದ್ದು, ಅವರಿಂದ ವಿವರಣೆ ಕೇಳಲಾಗಿದೆ ಎಂದೂ ಇದೆ.

ತಿದ್ದಿದ ಪಟ್ಟಿಯಲ್ಲಿ ನನ್ನ ತಾಯಿಯ ಎದುರು ಈಗ ಅಡ್ಡಗೆರೆ ಇದೆ. ಮಾನ್ಯರೇ, ತಮ್ಮ ಡಾಕ್ಟರು ಆಕೆಯನ್ನು ನೋಡಿದ್ದು ಖರೆ, ತೂಕ ಮಾಡಿದ್ದು ಖರೆ. ಮೂವತ್ತೆಂಟು ಕಿಲೋ ತೂಗುವ ಮುದುಕಿಗೆ ಹೇಳಲು ಇಡೀ ವಿಶ್ವವಿದ್ಯಾಲಯದಲ್ಲಿ ಒಂದು ಮಾತು ಸಿಗಲಿಲ್ಲವೇ? ಬಸುರಿಗೆ ಐದು ಸಲಹೆ, ಜಮೀನುದಾರರಿಗೆ ಎರಡು ಸಲಹೆ, ಮುದುಕಿಗೆ ಗೆರೆ. ನನಗೆ ಸಿಟ್ಟು ಬಂದಿದೆ, ಅದನ್ನು ಶರಣಾರ್ಥಿಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ ಅಷ್ಟೇ. ಆ ಗೆರೆಯ ಜಾಗದಲ್ಲಿ ಒಂದು ಲೋಟ ಹಾಲು ಹಿಡಿಸುತ್ತಿತ್ತು.

ಆದ್ದರಿಂದ ತಾವು ದಯಮಾಡಿ ಈ ತಿದ್ದುಪಡಿಯನ್ನೇ ಮುದ್ರಣದೋಷವೆಂದು ಸಾರಬೇಕು. ಅದಾಗದಿದ್ದರೆ ನನ್ನ ತಾಯಿಯನ್ನು ತಮ್ಮ ರಿಜಿಸ್ಟರಿನಲ್ಲಿ ಕಾಯಂ ಬಸುರಿಯೆಂದು ಮಂಜೂರು ಮಾಡಬೇಕು. ಹೆರಿಗೆಯ ದಿನಾಂಕವನ್ನು ನೂರು ವರ್ಷದ ತನಕ ಮುಂದೂಡುವ ಅಧಿಕಾರ ತಮಗಿದೆಯೆಂದು ನಂಬಿದ್ದೇನೆ, ತಮ್ಮ ಕಚೇರಿಯಲ್ಲಿ ಮುಂದೂಡಲಾಗದ್ದು ಏನಿದೆ? ಧರ್ಮಣ್ಣನಿಗೆ ಅವನ ರೋಗಗಳನ್ನು ಮರಳಿ ಕೊಡುವ ತೊಂದರೆಯನ್ನು ತೆಗೆದುಕೊಳ್ಳಬಾರದು. ಜಗದೇವಪ್ಪನವರಿಗೆ ತಂಬಾಕು ಬಿಡಿರೆಂದು ಹೇಳಲು ತಮ್ಮ ಸಾಹೇಬರೇ ಬರಲಿ, ನನಗೆ ಇದೇ ಊರಲ್ಲಿ ಬಾಳಬೇಕಾಗಿದೆ. ಸಾಧ್ಯವಾದರೆ ಮುಂದಿನ ಸಂಚಿಕೆಯಲ್ಲಿ ಇದನ್ನು ಆರೋಗ್ಯ ಆಡಳಿತದ ಹೊಸ ಪದ್ಧತಿಯೆಂದು ಪ್ರಕಟಿಸಿ, ಜಿಲ್ಲೆಯ ಎಲ್ಲ ಊರುಗಳ ಪಟ್ಟಿಗಳನ್ನೂ ಒಂದು ಸಾಲು ಕೆಳಗಿಳಿಸಬೇಕೆಂದು ಕೋರುತ್ತೇನೆ.

ತಮ್ಮ ಪಂಖಾ ಸದಾ ತಿರುಗುತ್ತಿರಲಿ ಎಂದು ಹಾರೈಸುವ,
ತಮ್ಮ ವಿಶ್ವಾಸಿ,
ಶಾಂತಲಿಂಗಪ್ಪ
ಶಾಖಾ ಅಂಚೆ ಮಾಸ್ತರ, ಮಣ್ಣೂರ

ತಾ.ಕ.: ಫಕ್ರುನ್ನಿಸಾ ಅವರಿಗೆ ಕೊಟ್ಟ ನೋಟೀಸನ್ನು ಹಿಂದಕ್ಕೆ ಪಡೆಯಬೇಕು. ಅವರ ಬೆರಳಚ್ಚಿನಲ್ಲಿ ತಪ್ಪಿರಲಿಲ್ಲ. ಪಟ್ಟಿಯ ಎರಡು ಹಾಳೆಗಳು ಬಿಡಿಬಿಡಿಯಾಗಿ ಬಂದಿದ್ದವು, ತಮ್ಮ ಕಚೇರಿ ಅವಕ್ಕೆ ಪಿನ್ನು ಹಾಕಿರಲಿಲ್ಲ. ಮಧ್ಯಾಹ್ನ ಟಪಾಲು ಬಿಚ್ಚಿದಾಗ ನಾನು ಅವನ್ನು ಮೊದಲು ಸರಿಯಾಗಿಯೇ ಜೋಡಿಸಿ ನೋಡಿದೆ. ಅವ್ವನ ಎದುರು ಗೆರೆ ಕಂಡಿತು. ಮೇಲಿನ ಸಾಲು ಓದಿದೆ, ಬಲಗಡೆಯ ಹಾಳೆಯನ್ನು ಒಂದು ಸಾಲು ಕೆಳಗೆ ಎಳೆದೆ, ಪಿನ್ನು ಚುಚ್ಚಿದೆ. ವಿವರಣೆ ಬೇಕಿದ್ದರೆ ಇದೇ ವಿವರಣೆ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದರೆ ಧರ್ಮಣ್ಣ ಓದುತ್ತಾನೆಂಬ ಚಿಂತೆ ತಮಗೆ ಬೇಡ. ಮಣ್ಣೂರಿಗೆ ಪತ್ರಿಕೆ ಬರುವುದು ಅಂಚೆಯಲ್ಲಿ, ಮತ್ತು ಅಂಚೆಯಲ್ಲಿ ಆಗೊಮ್ಮೆ ಈಗೊಮ್ಮೆ ವಿಳಂಬವಾಗುತ್ತದೆ.

ಇದನ್ನೆಲ್ಲ ಅವ್ವನಿಂದ ಮುಚ್ಚಿಡುವುದು ಸರಿಯಲ್ಲವೆಂದು ಇಂದು ಮುಂಜಾನೆ ಆಕೆಗೆ ಪತ್ರ ಓದಿ ಹೇಳಿದೆ. ಹಾಲಿನ ಲೋಟ ಕೆಳಗಿಡದೆಯೇ ಕೇಳಿ, “ನೀ ಪಿನ್ನ ಚುಚ್ಚೂ ಮುಂದ ನಾ ಅಲ್ಲೇ ಜ್ವಾಳ ಹಸನ ಮಾಡ್ಲಿಕ್ಕತ್ತಿದ್ದೆಲ್ಲೋ. ನೀ ಹಾಳಿ ಕೆಳಗ ಜಗ್ಗೂದ ನೋಡೇನ ಕುಡದೇನಿ. ಅಷ್ಟ ಮಾಡಿದವ, ಹಾಲಿಗೆ ಒಂಚೂರು ಸಕ್ಕರಿ ಹಾಕಬೇಕಂತ ಯಾಕ ಓದಲಿಲ್ಲ?” ಎಂದಳು. ಆದಕಾರಣ ಮುಂದಿನ ಸಂಚಿಕೆಯಲ್ಲಿ ಸಕ್ಕರೆಯನ್ನು ಸೇರಿಸಬೇಕು. ತಮ್ಮ ಕಚೇರಿಯಲ್ಲಿ ಕೊರತೆಯಿರುವಂತೆ ಕಾಣುವುದರಿಂದ ಆ ಪಿನ್ನನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಲಕೋಟೆ ಒಡೆಯುವಾಗ ಬೆರಳು ಜೋಪಾನ.